ಬಣ್ಣ ತಪ್ಪಿದ ಅರ್ಧಾಣೆ



ನಮ್ಮ ಮನೂರು, ನಾರಾಯಣಖೇಡ, ಜಹೀರಾಬಾದ ಕಡೆಯ ಹಳೆಯ ಮನೆಗಳಲ್ಲಿ ಸಂದೂಕದ ತಳ ಕೆದಕಿದರೆ ಹೊಲದ ಕಾಗದ, ಕಂದಾಯದ ರಸೀದಿಗಳ ನಡುವೆ ಉರ್ದು ಮುದ್ರೆ ಬಿದ್ದ ಒಂದೆರಡು ಲಕೋಟೆಗಳು ಇನ್ನೂ ಸಿಗುತ್ತವೆ. 1956ರ ನವೆಂಬರ್ 1ರ ವರೆಗೆ ಜಹೀರಾಬಾದ, ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು ಎಂಬುದು ಹಿರಿಯರಿಗೆ ಗೊತ್ತು, ಮಕ್ಕಳಿಗೆ ಹೇಳಬೇಕು. ನಿಜಾಮರ ಆಳ್ವಿಕೆಯಲ್ಲಿ ಈ ಊರುಗಳ ಟಪಾಲು ಕೂಡ ನಿಜಾಮರದೇ. ಸಂಸ್ಥಾನಕ್ಕೆ ತನ್ನದೇ ನಾಣ್ಯ, ತನ್ನದೇ ನೋಟು, ತನ್ನದೇ ಅಂಚೆಚೀಟಿ ಇದ್ದವು. (ಆ ನೋಟುಗಳ ಮೇಲೆ ಉರ್ದು, ತೆಲುಗು, ಮರಾಠಿಯ ಜೊತೆಗೆ ನಮ್ಮ ಕನ್ನಡದಲ್ಲೂ ಮೊತ್ತ ಬರೆದಿರುತ್ತಿತ್ತು. ಅದರ ಬಗ್ಗೆ ಇನ್ನೊಮ್ಮೆ ಬರೆಯುವೆ.)

ಈ ಅಂಚೆಚೀಟಿಗಳನ್ನು ಕೈಗೆ ತೆಗೆದುಕೊಂಡವರು ಮೊದಲು ಕೇಳುವ ಪ್ರಶ್ನೆ ಒಂದೇ. "ಇದೂ ಅರ್ಧಾಣೆ, ಅದೂ ಅರ್ಧಾಣೆ, ಮತ್ತೆ ಬಣ್ಣ ಯಾಕೆ ಬೇರೆ ಬೇರೆ?" ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಿದರೆ ಅಚ್ಚುಕೂಟದ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ಹೈದರಾಬಾದ ಸಂಸ್ಥಾನದ ಮೊದಲ ಅಂಚೆಚೀಟಿ ಹೊರಬಂದದ್ದು 1869ರ ಸೆಪ್ಟೆಂಬರ್‌ನಲ್ಲಿ. ಒಂದಾಣೆಯದು, ಆಲಿವ್ ಹಸಿರು ಬಣ್ಣ, ಲಂಡನ್ನಿನಲ್ಲಿ ಅಚ್ಚಾದದ್ದು. ಮರುವರ್ಷ, 1870ರಲ್ಲಿ, ಅರ್ಧಾಣೆ ಮತ್ತು ಎರಡಾಣೆಯ ಅಚ್ಚುಗಳನ್ನು ಇಲ್ಲಿಯೇ ಕೆತ್ತಿಸಿದರು. ಹೇಗೆ ಕೆತ್ತಿದರು ಗೊತ್ತೇ? ಒಂದು ಹಾಳೆಯಲ್ಲಿ ಬರುವ 240 ಚೀಟಿಗಳನ್ನೂ ಒಂದೊಂದಾಗಿ ಕೈಯಲ್ಲೇ ಕೆತ್ತಿದರು! ಹೀಗಾಗಿ ಒಂದರಂತೆ ಇನ್ನೊಂದಿಲ್ಲ. ಒಬ್ಬನೇ ಹುಡುಗ ಕಾಪಿ ಪುಸ್ತಕದಲ್ಲಿ ಒಂದೇ ಅಕ್ಷರವನ್ನು 240 ಸಲ ಬರೆದರೆ ಹೇಗಿರುತ್ತದೋ ಹಾಗೆ. ಇದನ್ನು ದೋಷ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಅದು ಕೆತ್ತಿದವನ ಕೈಬರಹ.

1871ರಿಂದ ಬಂದ ಮಾದರಿಗೆ ಆಯುಷ್ಯ ಬಹಳ. 1909ರ ವರೆಗೂ ಅದೇ ಚಿತ್ರ ನಡೆಯಿತು. ಬಣ್ಣಗಳ ಗೊಂದಲ ಹುಟ್ಟಿದ್ದು ಇಲ್ಲಿ. ಸುಮಾರು ನಾಲ್ಕು ದಶಕ ಮತ್ತೆ ಮತ್ತೆ ಅಚ್ಚು ಹಾಕುವಾಗ ಪ್ರತಿ ಸಲವೂ ಶಾಯಿ ಹೊಸದಾಗಿ ಅರೆದು ಬೆರೆಸಬೇಕು. ಪುಡಿ ಒಂದು ಚಿಟಿಕೆ ಹೆಚ್ಚಾದರೆ, ಎಣ್ಣೆ ಸ್ವಲ್ಪ ಕಡಿಮೆಯಾದರೆ ಬಣ್ಣ ಸರಿಯಿತು. ಅರ್ಧಾಣೆ ಕಿತ್ತಳೆಗಂದು, ಇಟ್ಟಿಗೆಗೆಂಪು, ಗುಲಾಬಿಗೆಂಪು ಹೀಗೆ ಹಲವು ಛಾಯೆಗಳಲ್ಲಿ ಸಿಗುತ್ತದೆ. ನಾಲ್ಕಾಣೆ ಬೂದು ಬಣ್ಣದಿಂದ ಹಸಿರಿನ ಕಡೆಗೆ ಜಾರಿತು. ಇವು ಛಾಯಾಭೇದಗಳು, ತಪ್ಪುಗಳಲ್ಲ. ಆದರೆ ಅದೇ ಅರ್ಧಾಣೆ ಮಜೆಂಟಾ ಬಣ್ಣದಲ್ಲಿಯೂ ಬಿದ್ದದ್ದುಂಟು. ಅದು ನಿಜವಾದ ತಪ್ಪು. ಸಂಗ್ರಾಹಕರ ಪಟ್ಟಿಯಲ್ಲೂ ಅದನ್ನು ದೋಷವೆಂದೇ ನಮೂದಿಸುತ್ತಾರೆ. ಶಾಯಿ ಮಾತ್ರವಲ್ಲ, ಅಕ್ಷರವೂ ಕೈಕೊಟ್ಟಿದೆ. ಕೆಲವು ಚೀಟಿಗಳ ನಡುವಿನ ಬರಹದಲ್ಲಿ ಒಂದು ನುಕ್ತೆಯೇ ಇಲ್ಲ. ಉರ್ದು ಓದಬಲ್ಲ ನಮ್ಮ ಹಿರಿಯರಿಗೆ ಇದರ ಗಂಭೀರತೆ ಬಿಡಿಸಿ ಹೇಳಬೇಕಿಲ್ಲ, ನುಕ್ತೆ ಹೋದರೆ ಅಕ್ಷರವೇ ಬೇರೆ!

1900ರಲ್ಲಿ ಅರ್ಧಾಣೆಯ ಚೀಟಿಯ ಮೇಲೆ ಕರಿ ಶಾಯಿಯಲ್ಲಿ ಹೊಸ ಬೆಲೆ ಒತ್ತಿ ಪಾವಾಣೆ ಮಾಡಿದರು. ಹಾಳೆಯನ್ನು ತಲೆಕೆಳಗಾಗಿ ಇಟ್ಟದ್ದರಿಂದ ಕೆಲವುಗಳ ಮೇಲೆ ಆ ಮುದ್ರೆ ಬುಡಮೇಲಾಗಿ ಬಿತ್ತು. ಸರಕಾರಿ ಕಚೇರಿಗಳ ಟಪಾಲಿಗೆಂದು "ಸರಕಾರಿ" ಎಂದು ಒತ್ತಿದ ಚೀಟಿಗಳಲ್ಲೂ ಉಲ್ಟಾ ಬಿದ್ದವು, ಎರಡೆರಡು ಸಲ ಬಿದ್ದವು ಇವೆ.

ಇದು ನಿಜಾಮರ ಅಚ್ಚುಕೂಟದ ಹುಳುಕು ಮಾತ್ರ ಎಂದು ತಿಳಿಯಬೇಡಿ. ಬ್ರಿಟಿಷರದೂ ಅದೇ ಕಥೆ. 1854ರಲ್ಲಿ ಕಲ್ಕತ್ತೆಯಲ್ಲಿ ಕ್ಯಾಪ್ಟನ್ ಥುಯಿಲಿಯರ್ ಅರ್ಧಾಣೆಯ ಚೀಟಿಯನ್ನು ಮೊದಲು ಹಿಂಗುಲದ ಕೆಂಪಿನಲ್ಲಿ ಅಚ್ಚು ಹಾಕಿಸಿದ. ಇಂಗ್ಲೆಂಡಿನಿಂದ ತರಿಸಿದ ಕೆಂಪು ಮುಗಿದೇ ಹೋಯಿತು. ಇಲ್ಲಿ ಸಿಕ್ಕ ಕೆಂಪು ಬಳಸಿದರೆ ಅಚ್ಚಿನ ಕಲ್ಲುಗಳು ಹಾಳಾಗತೊಡಗಿದವು. ಕೊನೆಗೆ ಕೆಂಪನ್ನೇ ಬಿಟ್ಟು ನೀಲಿಗೆ ಹೋದರು. ಅಂದರೆ ಭಾರತದ ಅರ್ಧಾಣೆ ನೀಲಿಯಾದದ್ದು ಯಾವ ರಾಜನ ಇಷ್ಟದಿಂದಲೂ ಅಲ್ಲ, ಶಾಯಿ ತೀರಿದ್ದರಿಂದ. ಅದೇ ವರ್ಷದ ನಾಲ್ಕಾಣೆ ಎರಡು ಬಣ್ಣದ್ದು. ಕೆಂಪು ಚೌಕಟ್ಟು ಒಂದು ಸಲ, ರಾಣಿಯ ನೀಲಿ ತಲೆ ಇನ್ನೊಂದು ಸಲ ಒತ್ತಬೇಕು. ಒಂದು ಹಾಳೆ ತಿರುಗಿ ಸೇರಿದ್ದಕ್ಕೆ ರಾಣಿಯ ತಲೆ ಕೆಳಗಾಯಿತು. ಆ ತಲೆಕೆಳಗಾದ ನಾಲ್ಕಾಣೆ ಇಂದು ಜಗತ್ಪ್ರಸಿದ್ಧ. ಪಠ್ಯಪುಸ್ತಕದ ಚಿತ್ರದಲ್ಲಿ ಕೆಂಪು ತುಟಿ ಬಿಟ್ಟು ಕೆನ್ನೆಗೆ ಹೋಗಿರುವುದನ್ನು ಕಂಡು ಮಕ್ಕಳು ನಗುತ್ತಾರಲ್ಲ, ಅದೂ ಇದೇ ಜಾತಿಯ ದೋಷ. ಬಣ್ಣ ಬಣ್ಣಕ್ಕೂ ಕಾಗದ ಬೇರೆ ಸಲ ಯಂತ್ರಕ್ಕೆ ತಾಗುತ್ತದೆ, ಕೂದಲೆಳೆ ಜರುಗಿದರೂ ಸಾಕು.

ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರದ ಚೀಟಿ ಕೂಡಿಸುವ ಹುಚ್ಚಿದೆ. 1909ರಿಂದ 1911ರ ವರೆಗೆ ಸಿಗರೇಟು ಪ್ಯಾಕಿನೊಳಗೆ ಬರುತ್ತಿದ್ದ ಚೀಟಿಯೊಂದರಲ್ಲಿ ಮಗೀ ಎಂಬ ಆಟಗಾರನ ಹೆಸರಿನಲ್ಲಿ ಒಂದಕ್ಷರ ತಪ್ಪಿತು. 1962ರಲ್ಲಿ ಟಾಪ್ಸ್ ಕಂಪನಿಯ ಕೆಲವು ಚೀಟಿಗಳಿಗೆ ಹಸಿರು ಛಾಯೆ ಬಂತು. ಅಲ್ಲಿಯೂ ಜನ ತಪ್ಪಿನ ಹಿಂದೆಯೇ ಬಿದ್ದಿದ್ದಾರೆ.

ಹಾಗಾದರೆ ಸಂದೂಕದಲ್ಲಿ ಸಿಕ್ಕ ವಿಚಿತ್ರ ಬಣ್ಣದ ಚೀಟಿಯೆಲ್ಲ ಅಪರೂಪದ್ದೇ? ಇಲ್ಲ, ಇಲ್ಲಿಯೇ ಎಚ್ಚರ ಬೇಕು. ಬಿಸಿಲು ತಾಗಿದರೆ ಕೆಲವು ಬಣ್ಣಗಳು ಪೇಲವವಾಗುತ್ತವೆ. ಕಿತ್ತಳೆ, ಕೆಂಪು ಬಣ್ಣದ ಕೆಲವು ಶಾಯಿಗಳಲ್ಲಿ ಸೀಸ ಇರುತ್ತದೆ. ಗಾಳಿಯ ಗಂಧಕ ತಾಗಿದರೆ ಅವು ಕಂದಾಗಿ ಕಪ್ಪಾಗುತ್ತವೆ. ಸೋಡಾ, ಸಾಬೂನು ಹಾಕಿ ತೊಳೆದರೂ ಬಣ್ಣ ಕೆಡುತ್ತದೆ. ಬೇಕೆಂದೇ ಬಣ್ಣ ಕೆಡಿಸಿ ಮಾರುವವರೂ ಇದ್ದಾರೆ. ಅಚ್ಚುಕೂಟದಲ್ಲಿ ಆದ ತಪ್ಪಿಗೆ ಚರಿತ್ರೆಯಲ್ಲಿ ಸ್ಥಾನವಿದೆ, ಆಮೇಲೆ ಆದ ಕೇಡಿಗೆ ಇಲ್ಲ. ನೋಡುವ ಕ್ರಮ ಸರಳ: ಚೀಟಿಯ ಮೂಲೆಯಲ್ಲಿ, ಅಂಚೆ ಮುದ್ರೆಯ ಮಸಿಯ ಅಡಿಯಲ್ಲಿ ಬಣ್ಣ ಒಂದೇ ಇದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ. ಮುದ್ರೆಯ ಅಡಿ ಒಂದು, ಹೊರಗೆ ಇನ್ನೊಂದು ಎಂದಾದರೆ ಅದು ಬಿಸಿಲಿನ ಕೆಲಸವಿರಬಹುದು.

ನಮಗೆ ಇನ್ನೂ ಹೆಚ್ಚಿನದು ಆ ಮುದ್ರೆಯೇ. ಬೇರೆ ಬಣ್ಣದ ಅರ್ಧಾಣೆ ಕಂಡಿತೆಂದು ಲಕೋಟೆಯಿಂದ ಚೀಟಿ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿದರೆ ಯಾವ ಊರಿನ ಟಪಾಲು, ಯಾವ ವರ್ಷ, ಯಾರು ಯಾರಿಗೆ ಬರೆದದ್ದು ಎಲ್ಲವೂ ಕಸದ ಬುಟ್ಟಿಗೆ ಹೋಗುತ್ತದೆ. ಇಂಥ ಯಾವ ಛಾಯೆ ಯಾವ ವರ್ಷ ಅಚ್ಚಾಯಿತು ಎಂದು ತಿಳಿಯಲು ತಾರೀಖು ಇರುವ ಲಕೋಟೆಗಿಂತ ಗಟ್ಟಿ ಸಾಕ್ಷಿ ಇಲ್ಲ. ನಮ್ಮ ಕಡೆ ಎಷ್ಟೋ ಲಕೋಟೆಗಳು ಒಲೆಗೆ ಹೋಗಿವೆ, ಉಳಿದವು ಗೆದ್ದಲಿಗೆ. ಸಿಕ್ಕರೆ ಲಕೋಟೆ ಸಮೇತ ಶಾಲೆಗೆ ತನ್ನಿ, ಪ್ರತಿ ತೆಗೆದು ವಾಪಸು ಕೊಡೋಣ.

1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ನಂತರವೂ ಸ್ವಲ್ಪ ಕಾಲ ಈ ಚೀಟಿಗಳು ನಡೆದವು. 1950ರ ಏಪ್ರಿಲ್‌ನಿಂದ ಭಾರತದ ಚೀಟಿಗಳು ಬಂದವು.

ಅಂದ ಹಾಗೆ, 1931ರ ಸಾಲಿನ ಹನ್ನೆರಡಾಣೆಯ ಚೀಟಿ ಸಿಕ್ಕರೆ ಮಕ್ಕಳಿಗೆ ಖಂಡಿತ ತೋರಿಸಿ. ಕಡುಗೆಂಪು ಬಣ್ಣ, ಅದರ ಮೇಲೆ ಬೀದರದ ಮಹಮೂದ್ ಗಾವಾನನ ಮದರಸಾ. ಒಂದಾಣೆಗೆ ಚಾರ್‌ಮಿನಾರ್, ಹನ್ನೆರಡಾಣೆಗೆ ನಮ್ಮ ಬೀದರ!