ತಿಂದದ್ದು ಮೈಗೆ ಹತ್ತುವ ಬಗೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಜಟ್ಟಿಗಳಿಗಾಗಿಯೇ ಮಲ್ಲವಿನೋದ ಎಂಬ ಭಾಗವಿದೆ. ಅವರಿಗೆ ಅರಮನೆಯಿಂದಲೇ ಮಾಂಸ, ಬೇಳೆಕಾಳು, ಹಾಲು, ತುಪ್ಪ ಸಲ್ಲಬೇಕು. ಊಟದ ಈ ಪಟ್ಟಿಯ ಮಗ್ಗುಲಲ್ಲೇ ದುಡಿತದ ಪಟ್ಟಿಯೂ ಇದೆ: ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ, ಅಂದರೆ ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದ ಸಾಮು. ಮೈಸೂರಿನ ಗರಡಿಮನೆಗಳಲ್ಲೂ ಬಾದಾಮಿ, ಹಾಲು, ತುಪ್ಪಕ್ಕೆ ಜೊತೆಯಾಗಿ ದಂಡೆ, ಬಸ್ಕಿ, ಮಟ್ಟಿಯ ಮಣ್ಣು ಅಗೆಯುವ ಕೆಲಸ ಇದ್ದೇ ಇದ್ದವು. ಸಾಮು ಬಿಟ್ಟರೂ ಊಟ ಬಿಡದ ಪೈಲ್ವಾನನ ಮೈಯಲ್ಲಿ ಅದೇ ತುಪ್ಪ ಬೊಜ್ಜಾಗುತ್ತದೆ. ತೂಕ ಏರುವುದು ಬೇರೆ, ಮೈ ಕಟ್ಟುವುದು ಬೇರೆ. ನಮ್ಮ ಹಿಂದಿನವರು ಬಯಸಿದ್ದು ಎರಡನೆಯದನ್ನು ಎಂದೇ ನನಗೆ ತೋರುತ್ತದೆ.

ಇದಕ್ಕೆ ಚರಕಸಂಹಿತೆಯನ್ನೇ ಅಡ್ಡ ಹಿಡಿಯಬಹುದು. ಅದರ ಸೂತ್ರಸ್ಥಾನದ 21ನೆಯ ಅಧ್ಯಾಯ ತೀರಾ ಕೃಶನಾದವನಿಗೆ ವ್ಯಾಯಾಮ ಬೇಡ ಎನ್ನುತ್ತದೆ. ನಿದ್ದೆ, ನಿಶ್ಚಿಂತೆ, ಎಣ್ಣೆ ಮಜ್ಜನ, ಹೊಸ ಅಕ್ಕಿ, ಉದ್ದು, ಗೋಧಿ, ಮೊಸರು, ಬೆಲ್ಲವನ್ನು ಹೇಳುತ್ತದೆ. ಆದರೆ ಅಲ್ಲಿರುವವನು ಸೊರಗಿ ರೋಗಕ್ಕೆ ಈಡಾದವನು. ಅವನಿಗೆ ಮೊದಲು ವಿಶ್ರಾಂತಿಯೇ ಮದ್ದು, ಸಾಮು ಚೇತರಿಸಿಕೊಂಡ ಮೇಲಿನ ಮಾತು. ಗರಡಿಗೆ ಬರುತ್ತಿದ್ದವನು ಆರೋಗ್ಯವಂತ ಹುಡುಗ. ಅದೇ ಅಧ್ಯಾಯದ ಇನ್ನೊಂದು ಸೂಕ್ಷ್ಮ ನನಗೆ ಬಹಳ ಬೆಲೆಯುಳ್ಳದ್ದು: ಕೃಶನ ಆಹಾರ ಪುಷ್ಟಿಕರವಾಗಿರಬೇಕು, ಜೊತೆಗೆ ಹಗುರವೂ ಆಗಿರಬೇಕು. ಅರಗಿಸುವ ಶಕ್ತಿಯೇ ಕುಂದಿದವನಿಗೆ ಒಮ್ಮೆಲೇ ಹೊಟ್ಟೆ ಬಿರಿಯ ಬಡಿಸಿದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಹಸಿವು ಬಲಿತಂತೆ ಊಟ ಬೆಳೆಯಬೇಕು.

ಇದೆಲ್ಲ ಅರಮನೆಯ ಅನ್ನ ಉಂಡವರ ಕಥೆ, ಬಡವನಿಗೆ ಬಾದಾಮಿ ಎಲ್ಲಿಂದ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದನ್ನು ತಳ್ಳಿಹಾಕಲಾಗದು. 1876-78ರ ಬರದಲ್ಲಿ ಮೈಸೂರು ಸೀಮೆಯ ಸುಮಾರು ಐದನೆಯ ಒಂದು ಪಾಲು ಜನ ಅಳಿದರು. ಅವರನ್ನು ಕೊಂದದ್ದು ಹಸಿವು, ಮತ್ತು ಹಸಿವಿನ ಬೆನ್ನು ಹತ್ತಿ ಬಂದ ರೋಗ. ಅನ್ನವೇ ಇಲ್ಲದವನಿಗೆ ಸಾಮಿನ ಉಪದೇಶ ಮಾಡುವುದು ಕ್ರೌರ್ಯ. ಆದರೆ ಪುಷ್ಟಿ ಬಾದಾಮಿಯ ಸೊತ್ತಲ್ಲ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ, ಜೀವಸತ್ವ, ಸುಣ್ಣದಂಶ ಕೂಡಿಸಿ ವಿವಿಧೋದ್ದೇಶ ಆಹಾರವೊಂದನ್ನು ಸಿದ್ಧಪಡಿಸಿತು. ದಿನದ ಊಟಕ್ಕೆ ಸ್ವಲ್ಪವೇ ಬೆರೆಸಿದರೂ ಅದರಿಂದ ಪ್ರೋಟೀನು ಒದಗುತ್ತಿತ್ತು. ಅಗ್ಗದ ಎರಡು ಕಾಳು ಸೇರಿ, ಗರಡಿಯಲ್ಲಿ ಹಾಲೂ ಮಾಂಸವೂ ಮಾಡುತ್ತಿದ್ದ ಕೆಲಸಕ್ಕೆ ಹೆಗಲು ಕೊಟ್ಟಿದ್ದವು.