ಉಸಿರಿನ ಕಾವಲು, ಮಿದುಳಿನ ಕಾವಲು: ಹೈದರಾಬಾದಿನಿಂದ ಒಂದು ಚಾರಿತ್ರಿಕ ಅವಲೋಕನ

ಹೃದಯದ ರಚನೆಯಲ್ಲಿ ದೋಷವಿಟ್ಟುಕೊಂಡೇ ಹುಟ್ಟುವ ಶಿಶುಗಳು ಸಾವಿರಕ್ಕೆ ಎಂಟೊಂಬತ್ತು ಎಂಬುದು ವೈದ್ಯರ ಗಣನೆ. ಇಂತಹ ಶಿಶುವಿನ ಹೃದಯವನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುವ ಹೊತ್ತಿನಲ್ಲಿ ಅದರ ಮಿದುಳಿಗೆ ಆಮ್ಲಜನಕವು ಸಾಕಷ್ಟು ಒದಗುತ್ತಿದೆಯೇ ಎಂಬುದನ್ನು ಅರಿಯುವ ಬಗೆ ಹೇಗೆ? ಜೀವವುಳಿದರೂ ಬುದ್ಧಿಶಕ್ತಿ ಕುಂದಬಾರದಲ್ಲವೆ? ಈ ಪ್ರಶ್ನೆಯ ಪೂರ್ವಚರಿತ್ರೆಯ ಒಂದು ಮುಖ್ಯ ಭಾಗವು ಹೈದರಾಬಾದಿನಲ್ಲಿಯೇ ನಡೆದುದೆಂಬ ಸಂಗತಿ ನಮ್ಮವರಲ್ಲಿ ಹೆಚ್ಚು ಪ್ರಚಾರದಲ್ಲಿಲ್ಲ.

ವಿಜಯಪುರದ ಕಡೆಯಿಂದ ಬರುವ ಹೆದ್ದಾರಿಯು ಈ ನಗರವನ್ನು ಸೇರುವುದು ಮೆಹದಿಪಟ್ಟಣಂ ಮಾರ್ಗವಾಗಿ. ಅಲ್ಲಿಂದ ಅನತಿದೂರದ ರೆಡ್ ಹಿಲ್ಸ್‌ನಲ್ಲಿ, ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾದ ನಿಲೋಫರ್ ಆಸ್ಪತ್ರೆಯು 1953ರಲ್ಲಿ ಸ್ಥಾಪಿತವಾಯಿತು. ಹೆರಿಗೆಯಲ್ಲಿ ತನ್ನ ಪರಿಚಾರಿಕೆಯೊಬ್ಬಳು ತೀರಿಕೊಂಡುದರಿಂದ ನೊಂದ ರಾಜಕುಮಾರಿ ನಿಲೋಫರಳ ಸಂಕಲ್ಪವೇ ಅದರ ಮೂಲ. ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು 1956ರಲ್ಲಿ ಆಡಳಿತದಿಂದ ಬೇರೆಯಾದರೂ, ಮಗುವನ್ನು ಎತ್ತಿಕೊಂಡು ಹೈದರಾಬಾದಿನ ಆಸ್ಪತ್ರೆಗಳಿಗೆ ಬರುವ ಆ ಸೀಮೆಯವರ ವಾಡಿಕೆ ತಪ್ಪಲಿಲ್ಲ.

ಆದರೆ ನಮ್ಮ ಕಥೆ ಇದಕ್ಕಿಂತ ಹಳೆಯದು. 1888ರಲ್ಲಿ ಅಫ್ಜಲ್‌ಗಂಜ್ ಆಸ್ಪತ್ರೆಯ ಎಡ್ವರ್ಡ್ ಲಾರಿ ಎಂಬ ಶಸ್ತ್ರವೈದ್ಯನ ಪ್ರೇರಣೆಯಿಂದ ಕ್ಲೋರೊಫಾರಂ ಆಯೋಗವೊಂದು ಏರ್ಪಟ್ಟಿತು. ಅದರ ನಿರ್ಣಯವನ್ನು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಒಪ್ಪದಿರಲು, ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಸಾವಿರ ಪೌಂಡುಗಳನ್ನಿತ್ತು, ಪತ್ರಿಕೆಯ ಪ್ರತಿನಿಧಿಯನ್ನು ಇಲ್ಲಿಗೆ ಕರೆಸಿಕೊಂಡರು. ಹಾಗೆ ಬಂದವರು ಲಾಡರ್ ಬ್ರಂಟನ್. 1889ರ ಆ ಎರಡನೆಯ ಆಯೋಗವು ನಾನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗಗಳನ್ನು ನಡೆಸಿತು. ಲೋಕದ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲೊಬ್ಬರೆಂದು ಎಣಿಸಲ್ಪಡುವ ರೂಪಾಬಾಯಿ ಫರ್ದೂನ್‌ಜಿಯವರು ಲಾರಿಯ ಶಿಷ್ಯೆಯಾಗಿದ್ದರು.

ಆಯೋಗವು ಸಾರಿದ ಸಿದ್ಧಾಂತವಿದು: ಕ್ಲೋರೊಫಾರಮಿನಿಂದ ಮೊದಲು ನಿಲ್ಲುವುದು ಉಸಿರು, ಅನಂತರ ಹೃದಯ, ಆದುದರಿಂದ ಉಸಿರನ್ನು ಕಾದರೆ ಸಾಕು, ನಾಡಿಯ ಗೊಡವೆ ಬೇಡ. ಇದರ ಪೂರ್ವಾರ್ಧ ಹಿತವಚನ, ಉತ್ತರಾರ್ಧ ಅಪಾಯಕರ. 1911ರಲ್ಲಿ ಗುಡ್‌ಮನ್ ಲೆವಿ ಎಂಬುವರು, ಲಘುವಾದ ಕ್ಲೋರೊಫಾರಮಿನಲ್ಲಿ ಹೃದಯವು ಲಯ ತಪ್ಪಿ ಹಠಾತ್ತನೆ ನಿಲ್ಲಬಲ್ಲುದೆಂಬುದನ್ನು ತೋರಿಸಿಕೊಟ್ಟರು. ಒಂದು ಲಕ್ಷಣವನ್ನು ಕಂಡು ಇಡೀ ದೇಹವನ್ನು ಕಂಡೆವೆಂದು ಭಾವಿಸಿದುದೇ ಹೈದರಾಬಾದ್ ಆಯೋಗದ ದೋಷ.

ಮುಂದಿನ ಘಟ್ಟ ರಕ್ತವನ್ನೇ ನೋಡುವುದು. 1944ರ ನವೆಂಬರಿನಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಬ್ಲಲಾಕ್, ಟಾಸಿಗ್, ಥಾಮಸ್ ಇವರ ಪ್ರಯತ್ನದಿಂದ ‘ನೀಲಿ ಶಿಶು’ವಿನ ಮೊದಲ ಶಸ್ತ್ರಚಿಕಿತ್ಸೆ ನಡೆದಾಗ ವೈದ್ಯರ ಮುಖ್ಯ ಸಾಕ್ಷಿ ಮಗುವಿನ ತುಟಿಯ ಬಣ್ಣ. ಆದರೆ ಬಣ್ಣ ನಂಬತಕ್ಕ ಸಾಕ್ಷಿಯಲ್ಲ. ರಕ್ತಹೀನತೆಯುಳ್ಳ ಮಗುವಿನಲ್ಲಿ ಆಮ್ಲಜನಕ ಕುಗ್ಗಿದ್ದರೂ ನೀಲಿ ಕಾಣದೆ ಹೋಗಬಹುದು. 1974ರಲ್ಲಿ ಜಪಾನಿನ ತಕುವೊ ಅಯೋಯಾಗಿಯವರು ನಾಡಿಯ ಮಿಡಿತವನ್ನೇ ಆಧಾರವಾಗಿಟ್ಟು, ಬೆಳಕಿನಿಂದ ಅಪಧಮನಿಯ ಆಮ್ಲಜನಕವನ್ನು ಅಳೆಯುವ ತತ್ತ್ವವನ್ನು ಕಂಡುಹಿಡಿದರು. ಇಲ್ಲಿಯೂ ಒಂದು ತೊಡಕಿತ್ತು. ಹೃದಯವನ್ನು ನಿಲ್ಲಿಸಿ, ಯಂತ್ರದ ಮೂಲಕ ರಕ್ತವನ್ನು ಹರಿಸುವಾಗ ನಾಡಿಯೇ ಇರುವುದಿಲ್ಲ!

ಈ ಕೊರತೆಯನ್ನು ನೀಗುವ ದಾರಿಯನ್ನು 1977ರಲ್ಲಿ ಫ್ರಾನ್ಸ್ ಯೊಬ್ಸಿಸ್ ತೋರಿದರು. ಕೆಂಪಿನಾಚೆಯ, ಕಣ್ಣಿಗೆ ಬಹುಮಟ್ಟಿಗೆ ಕಾಣದ ಬೆಳಕು ಚರ್ಮವನ್ನೂ ಎಲುಬನ್ನೂ ದಾಟಿ ಮಿದುಳನ್ನು ಮುಟ್ಟಬಲ್ಲುದು. ಆಮ್ಲಜನಕವನ್ನು ಹೊತ್ತ ರಕ್ತವೂ ಅದನ್ನು ಕಳೆದುಕೊಂಡ ರಕ್ತವೂ ಆ ಬೆಳಕನ್ನು ಬೇರೆಬೇರೆಯಾಗಿ ಹೀರುತ್ತವೆ. ಶಿಶುವಿನ ಹಣೆಗೆ ಅಂಟಿಸಿದ ಪಟ್ಟಿಯೊಂದು ಮರಳಿದ ಬೆಳಕನ್ನು ಅಳೆದು ಶೇಕಡಾವಾರು ಅಂಕೆಯನ್ನು ಕೊಡುತ್ತದೆ. ಇದಕ್ಕೆ ನಾಡಿಯ ಮಿಡಿತ ಬೇಕಿಲ್ಲ. ಆ ಅಂಕೆಯಲ್ಲಿ ಹೆಚ್ಚಿನ ಪಾಲು ಸಿರೆಯ ರಕ್ತದ್ದಾದುದರಿಂದ, ಮಿದುಳಿಗೆ ಬಂದುದಕ್ಕೂ ಅದು ಬಳಸಿಕೊಂಡುದಕ್ಕೂ ಇರುವ ತೂಕ ತಿಳಿದುಬರುತ್ತದೆ. ಸ್ವಸ್ಥ ಶಿಶುವಿನಲ್ಲಿ ಅದು ಸಾಮಾನ್ಯವಾಗಿ 60ರಿಂದ 80ರೊಳಗೆ ಇರುವುದು. ನೀಲಿ ಶಿಶುಗಳಲ್ಲಿ ಇನ್ನೂ ಕಡಮೆ.

ಇದರ ಅಗತ್ಯವೆಷ್ಟೆಂಬುದಕ್ಕೆ ಬಾಸ್ಟನ್ನಿನ ಅಧ್ಯಯನ ಸಾಕ್ಷಿ. ದೇಹವನ್ನು ತಂಪುಗೊಳಿಸಿ ರಕ್ತಚಲನೆಯನ್ನು ಸಂಪೂರ್ಣ ನಿಲ್ಲಿಸಿ ಚಿಕಿತ್ಸೆಗೊಳಗಾದ ಶಿಶುಗಳು, ಅಲ್ಪಪ್ರಮಾಣದಲ್ಲಿಯಾದರೂ ರಕ್ತ ಹರಿಯುತ್ತಿದ್ದ ಶಿಶುಗಳಿಗಿಂತ ಒಂದು ವರ್ಷದ ವಯಸ್ಸಿನಲ್ಲಿ ಚಲನಶಕ್ತಿಯಲ್ಲಿ ಹಿಂದಿದ್ದುದು 1995ರಲ್ಲಿ ಪ್ರಕಟವಾಯಿತು. ನವಜಾತ ಶಿಶುಗಳ ಸಣ್ಣ ಗುಂಪೊಂದರಲ್ಲಿ, ಚಿಕಿತ್ಸೆಯ ಅನಂತರ ಹಣೆಯ ಅಂಕೆಯು 45ಕ್ಕಿಂತ ಕೆಳಗೆ ಮೂರು ಗಂಟೆ ಮೀರಿ ನಿಂತವರಲ್ಲಿ ಮಿದುಳಿನ ಹೊಸ ಗಾಯಗಳು ಹೆಚ್ಚಾಗಿ ಕಂಡುವೆಂದು 2006ರ ವರದಿಯೊಂದು ತಿಳಿಸಿತು.

ಹಾಗೆಂದು ಅಂಕೆಯೇ ಔಷಧವಲ್ಲ. ಅವಧಿಗೆ ಬಹು ಮುಂಚೆ ಹುಟ್ಟಿದ 1601 ಶಿಶುಗಳನ್ನು ಕುರಿತು 2023ರಲ್ಲಿ ಪ್ರಕಟವಾದ ವಿಶಾಲ ಪರೀಕ್ಷೆಯಲ್ಲಿ, ಈ ಉಪಕರಣವನ್ನನುಸರಿಸಿ ಚಿಕಿತ್ಸೆ ಮಾಡಿದುದರಿಂದ ಮರಣವಾಗಲಿ ಮಿದುಳಿನ ತೀವ್ರ ಹಾನಿಯಾಗಲಿ ಕಡಮೆಯಾಗಲಿಲ್ಲ. ಅವು ಹೃದಯದೋಷದ ಶಿಶುಗಳಲ್ಲವೆಂಬುದು ನಿಜ. ಎಚ್ಚರಿಕೆ ಮಾತ್ರ ಇಬ್ಬರಿಗೂ ಸಲ್ಲುತ್ತದೆ. ಹಣೆಯ ಪಟ್ಟಿ ಕಾಣುವುದು ಮಿದುಳಿನ ಒಂದು ಮೂಲೆಯನ್ನು. ಅಂಕೆ ಇಳಿದಾಗ ರಕ್ತದೊತ್ತಡ ಕುಸಿಯಿತೇ, ರಕ್ತ ಸಾಲದೇ, ಉಸಿರಾಟದ ಯಂತ್ರ ತಪ್ಪಿತೇ ಎಂದು ಕ್ರಮವಾಗಿ ವಿಚಾರಿಸುವವರು ಮಗ್ಗುಲಲ್ಲಿರಬೇಕು.

ಲಾರಿ ಮತ್ತು ಬ್ರಂಟನ್ ಉಸಿರನ್ನು ಕಾಯಲು ಕಲಿಸಿದುದು ಉಪಕಾರವೇ ಸರಿ. ಉಸಿರೊಂದನ್ನೇ ಕಾಯಿರೆಂದುದರಲ್ಲಿ ಅವರು ಎಡವಿದರು. ಅಂದು ಉಸಿರಿಗೆ ಸಂದ ಪಟ್ಟವನ್ನು ಇಂದು ಬೆಳಕಿನ ಅಂಕೆಗೆ ಕಟ್ಟಕೂಡದೆಂಬುದೇ ಈ ಚರಿತ್ರೆಯಿಂದ ನಾವು ಪಡೆಯಬೇಕಾದ ವಿವೇಕ.