ಗೋಡೆಯ ಮೇಲಿನ ಬರಹ



ಎಡ್ವರ್ಡ್ ಸಯೀದ್ ಅವರ 'ಓರಿಯೆಂಟಲಿಸಂ' ಗ್ರಂಥ 1978ರಲ್ಲಿ ಪ್ರಕಟವಾದಾಗ ಅದರ ಮುಖಪುಟದಲ್ಲಿ ಒಂದು ತೈಲವರ್ಣಚಿತ್ರವಿತ್ತು. ಫ್ರಾನ್ಸಿನ ಕಲಾವಿದ ಜೆರೋಮ್ (1824-1904) ಅವರು 1879ರ ಸುಮಾರಿಗೆ ರಚಿಸಿದ 'ಹಾವಾಡಿಗ' ಅದು. ಬೆತ್ತಲೆ ಹುಡುಗನೊಬ್ಬ ನಮಗೆ ಬೆನ್ನು ಹಾಕಿ, ಮೈಗೆ ಹೆಬ್ಬಾವು ಸುತ್ತಿಕೊಂಡು ನಿಂತಿದ್ದಾನೆ. ಪಕ್ಕದಲ್ಲಿ ಮುದುಕನೊಬ್ಬ ಕೊಳಲೂದುತ್ತಿದ್ದಾನೆ. ಗೋಡೆಗೊರಗಿ ಕುಳಿತ ಆಯುಧಧಾರಿಗಳು ಕಣ್ಣರಳಿಸಿ ನೋಡುತ್ತಿದ್ದಾರೆ.

ಅವರನ್ನೆಲ್ಲ ಬಿಟ್ಟು ನೀವು ಹಿಂದಿನ ಗೋಡೆಯನ್ನು ನೋಡಿ. ಆ ನೀಲಿ ಟೈಲ್ಸ್ ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯ ಪ್ರಸಿದ್ಧ ಇಝ್ನಿಕ್ ಟೈಲ್ಸ್‌ನ ಮಾದರಿಯದು. ಜೆರೋಮ್ 1875ರಲ್ಲಿ ಆ ನಗರಕ್ಕೆ ಹೋಗಿದ್ದರು. ಹೊಳಪು, ಬಿರುಕು, ಉದುರಿದ ತುಂಡು ಎಲ್ಲವೂ ಕೈಯಿಂದ ಮುಟ್ಟಬಹುದೆಂಬಷ್ಟು ನಿಜವಾಗಿವೆ. ಕುಂಚದ ಗುರುತು ಎಲ್ಲೂ ಕಾಣದಂತೆ ಬಣ್ಣವನ್ನು ನುಣುಪಾಗಿಸುವುದು ಅವರ ಕ್ರಮ. ಹೀಗಾಗಿ ನೋಡುವವನಿಗೆ ಇದು ಒಬ್ಬ ಚಿತ್ರಕಾರನ ಕೈಕೆಲಸವೆಂಬುದೇ ಮರೆತುಹೋಗಿ, ಕಣ್ಣಾರೆ ಕಂಡ ಫೋಟೋದಂತೆ ತೋರುತ್ತದೆ. 1983ರಲ್ಲಿ ಲಿಂಡಾ ನಾಕ್ಲಿನ್ ಎಂಬ ಕಲಾ ಇತಿಹಾಸಕಾರ್ತಿ ಎತ್ತಿ ತೋರಿಸಿದ್ದು ಇದನ್ನೇ. ಒಡೆದ ಟೈಲ್ಸ್ ಸುಮ್ಮನೆ ಬಂದಿಲ್ಲ. ಈ ಜನ ತಮ್ಮ ಸಂಪತ್ತನ್ನು ಕಾಪಾಡಲಾರದ ಸೋಮಾರಿಗಳು ಎಂಬ ಮಾತನ್ನು ಅವು ಸದ್ದಿಲ್ಲದೆ ಹೇಳುತ್ತವೆ.

ಬಿಡಿ ಬಿಡಿಯಾಗಿ ಎಲ್ಲವೂ ನಿಜ, ಕೂಡಿಸಿದ್ದು ಸುಳ್ಳು. ಅರಮನೆಯ ಗೋಡೆ, ಬೀದಿಯ ಆಟ, ಬೇರೆ ಬೇರೆ ನಾಡುಗಳ ಉಡುಪು ಮತ್ತು ಆಯುಧ ಒಂದೇ ಕಡೆ ಸೇರಿದ್ದು ಪ್ಯಾರಿಸ್ಸಿನಲ್ಲಿ!

ಆದರೆ ವಿಚಿತ್ರ ನೋಡಿ. ಗೋಡೆಯ ಮೇಲ್ಭಾಗದ ಪಟ್ಟಿಯಲ್ಲಿ ಅರಬಿ ಅಕ್ಷರಗಳು ಸ್ಪಷ್ಟವಾಗಿ ಓದಲು ಬರುತ್ತವೆ. ಅದು ಪವಿತ್ರ ಕುರ್‌ಆನ್‌ನ ಅಲ್ ಬಕರಃ ಅಧ್ಯಾಯದ 256ನೇ ಸೂಕ್ತ. ಧರ್ಮದ ವಿಷಯದಲ್ಲಿ ಬಲಾತ್ಕಾರ ಸಲ್ಲದೆಂದು ಸಾರುವ ಸೂಕ್ತ. ಚಿತ್ರವನ್ನು ಹೊಗಳಿದವರಲ್ಲೂ ತೆಗಳಿದವರಲ್ಲೂ ಅದನ್ನು ಓದಿದವರು ಎಷ್ಟು ಮಂದಿ?

ಅದೇ ಕಾಲದ ಉಸ್ಮಾನ್ ಹಮ್ದಿ ಬೇ (1842-1910) ಅವರನ್ನೂ ನೀವು ತಿಳಿದಿರಬೇಕು. ಕಾನೂನು ಓದಲು ಪ್ಯಾರಿಸ್‌ಗೆ ಹೋಗಿ ಚಿತ್ರಕಲೆಯತ್ತ ಹೊರಳಿದ ತುರ್ಕಿಯವರು ಇವರು. 1906ರಲ್ಲಿ ಅವರು ರಚಿಸಿದ 'ಆಮೆಗಳ ಶಿಕ್ಷಕ' ಚಿತ್ರದಲ್ಲಿರುವುದು ಬುರ್ಸಾದ ಹಸಿರು ಮಸೀದಿಯ ಒಳಭಾಗ. ಅಲ್ಲಿಯೂ ಟೈಲ್ಸ್ ಉದುರಿವೆ, ಗಾರೆ ಕಿತ್ತಿದೆ. 1855ರ ಭೂಕಂಪದಲ್ಲಿ ಏಟು ತಿಂದ ಮಸೀದಿ ಅದು. ಬಿರುಕು ಎರಡೂ ಕಡೆ ಇದೆ ನಿಜ. ಆದರೆ ಇದನ್ನು ಬರೆದ ಕೈ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದ ನಿರ್ದೇಶಕರದ್ದು. ನಾಡಿನ ಪ್ರಾಚೀನ ವಸ್ತುಗಳು ಹೊರದೇಶಕ್ಕೆ ಸಾಗದಂತೆ ತಡೆಯುವ 1884ರ ಕಾನೂನಿನ ಹಿಂದೆ ಇದ್ದವರೂ ಅವರೇ.